ಪಾಸ್‌ವರ್ಡ್ ಮರೆತ ಮೇಲೆ

ಇ-ಮೇಲ್ ಖಾತೆಯ ಪಾಸ್‌ವರ್ಡನ್ನು ಮರೆತವರು ಸಾಮಾನ್ಯವಾಗಿ ಅಪೇಕ್ಷಿಸುವುದು ಒಂದನ್ನೇ: ಆ ಹಳೆಯ ಪಾಸ್‌ವರ್ಡನ್ನು ಯಾರಾದರೂ ಮರಳಿ ಹೇಳಿಬಿಟ್ಟರೆ ಸಾಕು ಎಂದು. ನಮ್ಮ ಪತ್ರಗಳು, ಭಾವಚಿತ್ರಗಳು, ಬಂಧುಮಿತ್ರರ ಫೋನ್ ನಂಬರುಗಳು ಎಲ್ಲವೂ ಗೂಗಲ್ ಸಂಸ್ಥೆಯ ಬಳಿ ಇರುವಾಗ ಪಾಸ್‌ವರ್ಡೊಂದು ಇಲ್ಲದೆ ಹೋದೀತೆ ಎಂಬ ತರ್ಕ ಸಹಜವಾದದ್ದೇ. ಆದರೆ ಸ್ಥಿತಿ ಹಾಗಿಲ್ಲ. ಜವಾಬ್ದಾರಿಯುಳ್ಳ ಯಾವ ಸಂಸ್ಥೆಯೂ ತನ್ನ ಗ್ರಾಹಕರ ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಹಾಗೆ ಇಟ್ಟುಕೊಳ್ಳಬಾರದೆಂಬ ವಿವೇಕ ಕಂಪ್ಯೂಟರುಗಳ ಬಾಲ್ಯಕಾಲದ ಕಹಿ ಅನುಭವದಿಂದ ಬಂದದ್ದು.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1960ರ ದಶಕದ ಆದಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರೂಪುಗೊಂಡ, ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸಲು ಅನುಕೂಲವಿದ್ದ ವ್ಯವಸ್ಥೆಯಲ್ಲಿ, ಎಲ್ಲರ ಪಾಸ್‌ವರ್ಡುಗಳೂ ಒಂದು ಕಡತದಲ್ಲಿ ತೆರೆದ ಅಕ್ಷರಗಳಲ್ಲಿಯೇ ಇದ್ದುವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರು, ತಮಗೆ ಗೊತ್ತುಮಾಡಿದ್ದ ಯಂತ್ರಕಾಲ ಸಾಲದೆ, ಆ ಕಡತವನ್ನೇ ಮುದ್ರಿಸಿಕೊಂಡರು. ಮತ್ತೊಮ್ಮೆ ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆ ಕಾಣಬೇಕಾದೆಡೆಯಲ್ಲಿ ಸಮಸ್ತರ ಪಾಸ್‌ವರ್ಡುಗಳೂ ಪ್ರಕಟವಾದುವು. ಪಾಸ್‌ವರ್ಡನ್ನು ಇಡುವುದಕ್ಕೆ ಬದಲು, ಗಣಿತಕ್ರಮದಿಂದ ಅದನ್ನು ಪರಿವರ್ತಿಸಿದಾಗ ದೊರೆಯುವ ರೂಪವನ್ನು ಮಾತ್ರ ಇಡುವ ಪದ್ಧತಿ ಮುಂದೆ ನೆಲೆಗೊಂಡಿತು. ಯುನಿಕ್ಸ್ ವ್ಯವಸ್ಥೆಯಲ್ಲಿ ಅದನ್ನು ಬಲಪಡಿಸಿದ ಬಗೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಬೀಸಿದ ರಾಗಿಹಿಟ್ಟಿನಿಂದ ಮರಳಿ ಕಾಳನ್ನು ಪಡೆಯಲಾಗದಂತೆ, ಈ ಪರಿವರ್ತಿತ ರೂಪದಿಂದ ಮೂಲ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆದುದರಿಂದ ಮರೆತ ಪಾಸ್‌ವರ್ಡನ್ನು ಹೇಳೆಂದರೆ ಸಂಸ್ಥೆ ಹೇಳಲಾರದು. ನೀವು ಆ ಖಾತೆಯ ಒಡೆಯರೆಂದು ಮನಗಂಡು, ಹೊಸದೊಂದನ್ನು ಇಟ್ಟುಕೊಳ್ಳಲು ಅನುಮತಿ ಕೊಡಬಲ್ಲುದು, ಅಷ್ಟೆ.

ಮನಗಾಣಿಸುವುದು ಹೇಗೆ ಎಂಬುದರಲ್ಲಿಯೇ ಕಷ್ಟವೆಲ್ಲ ಅಡಗಿದೆ. ಏಕೆಂದರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಅದೇ ಮಾತನ್ನು ಕಳ್ಳನೂ ಹೇಳುತ್ತಾನೆ. ಹಿಂದೆ ಇದಕ್ಕೆ ಗುಟ್ಟಿನ ಪ್ರಶ್ನೆಗಳ ಏರ್ಪಾಡಿತ್ತು: ತಾಯಿಯ ತವರಿನ ಹೆಸರೇನು, ಹುಟ್ಟಿದ ಊರು ಯಾವುದು, ಇತ್ಯಾದಿ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಯನ್ನು ಒಬ್ಬ ವಿದ್ಯಾರ್ಥಿ ಪ್ರವೇಶಿಸಿದ್ದು, ಅವರ ಜನ್ಮದಿನ, ಅಂಚೆಯ ಪಿನ್ ಸಂಖ್ಯೆ, ಪತಿಯನ್ನು ಮೊದಲು ಸಂಧಿಸಿದ ಸ್ಥಳ ಇವಿಷ್ಟನ್ನು ಸಾರ್ವಜನಿಕವಾಗಿ ದೊರೆಯುವ ಮಾಹಿತಿಯಿಂದಲೇ ಕಂಡುಕೊಂಡು. ಗೂಗಲ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಮಾತನಾಡುವವರ ‘ಮೆಚ್ಚಿನ ಆಹಾರ ಯಾವುದು’ ಎಂಬ ಪ್ರಶ್ನೆಗೆ ಒಂದೇ ಊಹೆಯಲ್ಲಿ ಸರಿಯುತ್ತರ ಸಿಕ್ಕುವ ಸಂಭವ ಶೇಕಡ 19.7ರಷ್ಟಿತ್ತು, ಅತ್ತ, ಅಮೆರಿಕದ ಬಳಕೆದಾರರಲ್ಲಿ ಶೇಕಡ 40ರಷ್ಟು ಮಂದಿಗೆ ಅವಶ್ಯಕತೆ ಬಿದ್ದಾಗ ತಾವೇ ಕೊಟ್ಟ ಉತ್ತರ ನೆನಪಾಗಲಿಲ್ಲ. ಇನ್ನು ನಮ್ಮ ನಾಡಿನಲ್ಲಿ, ಅಜ್ಜ ಅಜ್ಜಿಯರ ಹೆಸರು, ಮೂಲ ಊರು, ತಾಲ್ಲೂಕು ಇವೆಲ್ಲವನ್ನೂ ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಿ ಊರಿಗೆಲ್ಲ ಹಂಚುವ ನಮಗೆ, ಇಂತಹ ಪ್ರಶ್ನೆಗಳಿಂದ ಏನು ರಕ್ಷಣೆ ದೊರೆತೀತು? ಈ ಪ್ರಶ್ನೆಗಳು ಹಿಂದೆ ಸರಿದದ್ದು ಒಳ್ಳೆಯದೇ ಆಯಿತು.

ಈಗ ಗೂಗಲ್ ತೂಗಿ ನೋಡುವುದು ಅನೇಕ ಸಾಕ್ಷ್ಯಗಳನ್ನು ಒಟ್ಟಿಗೆ. ಮೊದಲೇ ನಮೂದಿಸಿದ ಮೊಬೈಲ್ ನಂಬರಿಗೆ ಬಂದ ಕೋಡನ್ನು ಕೊಡಬಲ್ಲಿರಾ, ಇನ್ನೊಂದು ಇ-ಮೇಲ್ ವಿಳಾಸ ನಿಮ್ಮ ಕೈಯಲ್ಲಿದೆಯೆ ಎಂಬವುಗಳ ಜೊತೆಗೆ, ನೀವು ಯಾವ ಫೋನಿನಿಂದ, ಯಾವ ಸ್ಥಳದಿಂದ ಕೇಳುತ್ತಿದ್ದೀರಿ ಎಂಬುದನ್ನೂ ಅದು ಗಮನಿಸುತ್ತದೆ. ಪಾಸ್‌ವರ್ಡ್ ಮರೆತು ಗಾಬರಿಯಾದವರು ಸೈಬರ್ ಸೆಂಟರಿಗೋ ಗೆಳೆಯನ ಆಫೀಸಿಗೋ ಓಡಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂರುವುದುಂಟು. ಅದು ತಮ್ಮ ಸಾಕ್ಷ್ಯವನ್ನು ತಾವೇ ದುರ್ಬಲಗೊಳಿಸಿದಂತೆ. ತಾವು ನಿತ್ಯ ಬಳಸುತ್ತಿದ್ದ ಫೋನಿನಲ್ಲಿ, ನಿತ್ಯ ಬಳಸುತ್ತಿದ್ದ ಬ್ರೌಸರಿನಲ್ಲಿ, ಮನೆಯ ವೈಫೈಯಲ್ಲಿ ಕುಳಿತು, ಲಾಗಿನ್ ಪುಟದಲ್ಲಿರುವ ‘ಪಾಸ್‌ವರ್ಡ್ ಮರೆತಿರಾ’ ಎಂಬುದನ್ನು ಒತ್ತಿ ಮುಂದುವರಿಯುವುದೇ ಸರಿಯಾದ ಕ್ರಮ. ನೆನಪಿರುವ ಕೊನೆಯ ಪಾಸ್‌ವರ್ಡನ್ನು ಕೇಳಿದರೆ, ಹಳೆಯದಾದರೂ ಸರಿ, ಅದನ್ನು ಬರೆಯಬೇಕು; ಸಂದೇಹವಿದ್ದರೂ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗದೆ ಯುಕ್ತವೆಂದು ತೋರಿದ ಉತ್ತರವನ್ನು ಕೊಡಬೇಕು. ಕೆಲವೊಮ್ಮೆ ವ್ಯವಸ್ಥೆ ಕೆಲವು ಗಂಟೆಗಳೋ ದಿನಗಳೋ ಕಾಯಿರೆಂದು ಹೇಳುತ್ತದೆ. ಕಾಯಬೇಕು. ಆ ಅವಧಿಯಲ್ಲಿ ನಿಜವಾದ ಒಡೆಯರಿಗೆ ಎಚ್ಚರಿಕೆ ತಲುಪಲಿ ಎಂಬುದೂ ಅದರ ಉದ್ದೇಶ.

ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರ ಫೋನು ನೀರಿಗೆ ಬಿದ್ದು ಕೆಟ್ಟಾಗ, ಹೊಸ ಫೋನು ಅವರ ಖಾತೆಯ ಪಾಸ್‌ವರ್ಡನ್ನು ಕೇಳಿತು. “ಮೇಷ್ಟ್ರೇ, ಏನು ಇಟ್ಟಿದ್ದಿರಿ, ಸ್ವಲ್ಪ ಜ್ಞಾಪಿಸಿಕೊಳ್ಳಿ” ಎಂದರೆ, “ನನಗೇನಪ್ಪಾ ಗೊತ್ತು, ಮೊಬೈಲ್ ಅಂಗಡಿ ಹುಡುಗ ಹಾಕಿಕೊಟ್ಟಿದ್ದ” ಎಂದರು. ತೀರಿಕೊಂಡ ಪತ್ನಿಯ ಕೊನೆಯ ವರ್ಷದ ಚಿತ್ರಗಳೆಲ್ಲ ಆ ಖಾತೆಯಲ್ಲಿದ್ದುವು. ಅವರು ಹಿಂದೆ ಪತ್ರಿಕೆ ಓದಲು ಬಳಸುತ್ತಿದ್ದ ಹಳೆಯ ಟ್ಯಾಬ್ ಒಂದು ಮಗಳ ಮನೆಯ ಕಪಾಟಿನಲ್ಲಿತ್ತು. ಅದನ್ನು ತರಿಸಿ ಚಾರ್ಜಿಗೆ ಹಾಕಿ ವೈಫೈಗೆ ಸೇರಿಸಿದಾಗ, ಖಾತೆ ಅದರಲ್ಲಿ ಇನ್ನೂ ಲಾಗಿನ್ ಆಗಿಯೇ ಇದ್ದುದು ಕಂಡಿತು. ಹೊಸ ಫೋನಿನಲ್ಲಿ ಪುನಃ ಪ್ರಯತ್ನಿಸಿದಾಗ, ‘ಪ್ರವೇಶಿಸಲು ಯತ್ನಿಸುತ್ತಿರುವವರು ನೀವೇ ಏನು’ ಎಂಬ ಪ್ರಶ್ನೆ ಟ್ಯಾಬಿನ ಪರದೆಯ ಮೇಲೆ ಮೂಡಿತು. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು, ಫೋನಿನಲ್ಲಿ ತೋರಿದ ಸಂಖ್ಯೆಯನ್ನೇ ಟ್ಯಾಬಿನಲ್ಲಿ ಆರಿಸಿ ಒತ್ತಿದರು; ಖಾತೆ ತೆರೆಯಿತು. ಆದುದರಿಂದ ಖಾತೆ ತೆರೆದಿರುವ ಯಾವ ಸಾಧನದಿಂದಲೂ, ಅದು ಎಷ್ಟೇ ಹಳೆಯದಾಗಿರಲಿ, ಸಮಸ್ಯೆ ಬಗೆಹರಿಯುವ ಮುನ್ನ ಲಾಗೌಟ್ ಮಾಡತಕ್ಕದ್ದಲ್ಲ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯಂತೂ ಅಪಾಯಕರ. ಕಳವಾದ ಫೋನು ಕಳ್ಳನಿಗೆ ಉಪಯೋಗಕ್ಕೆ ಬಾರದಿರಲೆಂದು, ಹಾಗೆ ಅಳಿಸಿದ ಆಂಡ್ರಾಯ್ಡ್ ಫೋನು ಮತ್ತೆ ತೆರೆಯುವ ಮುನ್ನ ಅದರಲ್ಲಿದ್ದ ಖಾತೆಯ ವಿವರವನ್ನೇ ಕೇಳಬಹುದು. ಆಗ ಖಾತೆಯೂ ಇಲ್ಲ, ಫೋನೂ ಇಲ್ಲ.

ಮೊಬೈಲ್ ನಂಬರಿನ ವಿಚಾರದಲ್ಲಿ ನಮ್ಮವರ ಅಲಕ್ಷ್ಯ ನನಗೆ ತೀರ ವ್ಯಥೆಯುಂಟುಮಾಡುತ್ತದೆ. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ರದ್ದಾಗಿ, 90 ದಿನಗಳ ಬಳಿಕ ಆ ನಂಬರು ಅನ್ಯರ ಪಾಲಾಗಬಹುದು. ಖಾತೆಯಲ್ಲಿ ಮಾತ್ರ ಅದೇ ಹಳೆಯ ನಂಬರು ಉಳಿದಿದ್ದರೆ, ನಿಮಗೆ ಬರಬೇಕಾದ ಕೋಡು ಆ ಅನ್ಯರಿಗೆ ಹೋಗುತ್ತದೆ. ಸಿಮ್ ಕಳೆದಿದ್ದರೆ, ನಂಬರು ಇನ್ನೂ ನಿಮ್ಮ ಹೆಸರಿನಲ್ಲಿರುವಾಗಲೇ, ಗುರುತಿನ ದಾಖಲೆಯೊಂದಿಗೆ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿನ ಬೇರೆ ಸಿಮ್ಮನ್ನು ಪಡೆಯುವುದು ಮೊದಲ ಕೆಲಸ. ಸಿಮ್ ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ತಡೆಹಿಡಿದಿರುವುದು ವಂಚನೆಯನ್ನು ತಡೆಯುವ ಸಲುವಾಗಿ. ಕೋಡು ಬರಲಿಲ್ಲವೆಂದು ಆ ಹೊತ್ತಿನಲ್ಲಿ ಎದೆಗುಂದಬೇಕಾದ್ದಿಲ್ಲ.

ಎಲ್ಲಕ್ಕಿಂತ ಘೋರವಾದ ಹಾನಿ ಸಂಭವಿಸುವುದು ಸಹಾಯವನ್ನು ಅರಸುವಾಗ. ಗೂಗಲ್ ಕಸ್ಟಮರ್ ಕೇರ್ ನಂಬರೆಂದು ಹುಡುಕಿ, ಸಿಕ್ಕಿದ ಯಾವುದೋ ನಂಬರಿಗೆ ಕರೆಮಾಡಿ, ಅತ್ತಣಿಂದ ಮೃದುವಾಗಿ ಮಾತನಾಡುವವನು ಹೇಳಿದಂತೆ ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಹಾಕಿಕೊಂಡು, ಖಾತೆಯ ಜೊತೆಗೆ ಬ್ಯಾಂಕಿನ ಹಣವನ್ನೂ ಕಳೆದುಕೊಂಡವರಿದ್ದಾರೆ. ಖಾತೆಯನ್ನು ಬಿಡಿಸಿಕೊಡುತ್ತೇವೆನ್ನುವ ಯಾವ ಹೊರಗಿನ ಸೇವೆಯೊಡನೆಯೂ ತನಗೆ ಸಂಬಂಧವಿಲ್ಲವೆಂದು ಗೂಗಲ್ ತಾನೇ ಸ್ಪಷ್ಟವಾಗಿ ಹೇಳಿದೆ. ಇದರ ಇನ್ನೊಂದು ಮುಖವೂ ಉಂಟು: ವಂಚಕನು ನಿಮ್ಮ ಇ-ಮೇಲ್ ವಿಳಾಸವನ್ನು ಹಾಕಿ ತಾನೇ ‘ಪಾಸ್‌ವರ್ಡ್ ಮರೆತಿರಾ’ ಒತ್ತುತ್ತಾನೆ, ಕೋಡು ನಿಮ್ಮ ಫೋನಿಗೆ ಬರುತ್ತದೆ, ಮರುಕ್ಷಣವೇ ಕರೆಮಾಡಿ, “ಸಾರ್, ತಪ್ಪಿ ನಿಮಗೊಂದು ಓಟಿಪಿ ಬಂದಿದೆ, ಸ್ವಲ್ಪ ಹೇಳಿ” ಎನ್ನುತ್ತಾನೆ. ತಾನು ಕೇಳದೆ ಬಂದ ಕೋಡನ್ನು ಯಾರಿಗೂ, ಪರಿಚಿತರ ದನಿಯಲ್ಲಿ ಕೇಳಿದರೂ, ಹೇಳಬಾರದು. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆಮಾಡಿ ದೂರು ಕೊಡಬೇಕು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವುದು ಕಠಿನವಾಗುತ್ತದೆ.

ಖಾತೆ ಕೈಯಲ್ಲಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಏರ್ಪಾಡೊಂದಿದೆ. ಪಾಸ್‌ವರ್ಡಿನ ಜೊತೆಗೆ ಫೋನಿನ ದೃಢೀಕರಣವನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನು ಇಟ್ಟುಕೊಂಡವರಿಗೆ ಗೂಗಲ್ 8 ಅಂಕಿಗಳ 10 ಕೋಡುಗಳನ್ನು ಕೊಡುತ್ತದೆ. ಫೋನು ಕೈಯಲ್ಲಿಲ್ಲದಾಗ ಎರಡನೆಯ ಹಂತವನ್ನು ದಾಟಿಸುವ ಇವುಗಳಲ್ಲಿ ಒಂದೊಂದೂ ಒಂದೇ ಬಾರಿಗೆ ಸಲ್ಲುವಂಥದು. ಅವನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳು, ವಿಮೆಯ ಬಾಂಡುಗಳು ಇರುವ ಪೆಟ್ಟಿಗೆಯಲ್ಲಿಡಬೇಕು. ಫೋನಿನಲ್ಲಿ ಮಾತ್ರ ಇಟ್ಟರೆ ಫೋನಿನೊಡನೆಯೇ ಅವೂ ಹೋಗುತ್ತವೆ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಳೆಯ ಖಾತೆಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಆಗಾಗ ತೆರೆದು ನೋಡುತ್ತಿರಬೇಕು.

ಖಾತೆ ಮರಳಿ ದೊರೆತ ಮೇಲೆ, ನಡುವೆ ಅನ್ಯರು ಪ್ರವೇಶಿಸಿದ್ದರೆಂಬ ಅನುಮಾನವಿದ್ದಲ್ಲಿ, ಹೊಸ ಪಾಸ್‌ವರ್ಡ್ ಇಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸೆಕ್ಯುರಿಟಿ ಪುಟದಲ್ಲಿ ಯಾವ ಯಾವ ಸಾಧನಗಳು ಖಾತೆಗೆ ಸೇರಿವೆಯೆಂದು ನೋಡಿ ಅಪರಿಚಿತವಾದವನ್ನು ಹೊರಹಾಕಬೇಕು. ನಂಬರನ್ನೂ ಇನ್ನೊಂದು ಇ-ಮೇಲ್ ವಿಳಾಸವನ್ನೂ ಪರೀಕ್ಷಿಸಬೇಕು. ಕಳ್ಳನು ಅವನ್ನು ಬದಲಿಸಿದ್ದರೂ, ಬದಲಾದ 7 ದಿನಗಳವರೆಗೆ ಹಳೆಯ ನಂಬರಿಗೇ ಕೋಡು ತರಿಸಿಕೊಳ್ಳುವ ಅವಕಾಶ ಇರಬಹುದಾದ್ದರಿಂದ, ಖಾತೆ ಇನ್ನೂ ಕೈಗೆ ಬಾರದವರು ಒಂದು ದಿನವನ್ನೂ ವ್ಯರ್ಥಮಾಡಬಾರದು. ಕೊನೆಗೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬೆರಡು ಕಡೆ ಕಣ್ಣಾಡಿಸಬೇಕು. ಬಂದ ಪತ್ರಗಳ ಪ್ರತಿಯೆಲ್ಲ ಗೋಪ್ಯವಾಗಿ ಬೇರೊಂದು ವಿಳಾಸಕ್ಕೆ ಹೋಗುವಂತೆ ಕಳ್ಳನು ಅಲ್ಲಿ ಏರ್ಪಡಿಸಿ ಹೋಗಿರಬಹುದು. ಪಾಸ್‌ವರ್ಡ್ ಬದಲಾದರೂ ಆ ಏರ್ಪಾಡು ತಾನಾಗಿ ಅಳಿಯುವುದಿಲ್ಲ, ನಾವೇ ತೆಗೆಯಬೇಕು.