ಎದೆಯ ಗಂಟೂ ಕೈಯ ಗಂಟೂ

ಉಡುಪಿಯಿಂದ ಮಣಿಪಾಲವನ್ನು ಹಾದು ಕಾರ್ಕಳಕ್ಕೆ ಹೋಗುವ ಹಾದಿಯಲ್ಲಿ ಹಿರಿಯಡ್ಕವೆಂಬ ಊರಿದೆ. ಆ ಹಾದಿಯ ಒಂದು ತುದಿಯಲ್ಲಿರುವ ಶ್ರೀಕೃಷ್ಣ ಮಠದಲ್ಲಿ ಗಂಡಸರು ಅಂಗಿ ಕಳಚಿ ದೇವರ ದರ್ಶನಕ್ಕೆ ಹೋಗುವುದು ವಾಡಿಕೆ. ಇನ್ನೊಂದು ತುದಿಯಲ್ಲಿ, 1432ರಲ್ಲಿ ಪ್ರತಿಷ್ಠಿತನಾದ, ಸುಮಾರು 42 ಅಡಿ ಎತ್ತರದ ಗೊಮ್ಮಟನು ಬಿಸಿಲಿಗೂ ಮಳೆಗೂ ಎದೆಯೊಡ್ಡಿ ನಿಂತಿದ್ದಾನೆ. ನಡುವಿನ ಊರುಗಳಲ್ಲಿ ಕಂಬಳದ ಗದ್ದೆಯಲ್ಲಿಯೂ ಹೊಳೆಯ ಸ್ನಾನದಲ್ಲಿಯೂ ಗಂಡಸಿನ ಬರಿಮೈ ಯಾರಿಗೂ ಹೊಸತಲ್ಲ. ಅದರಿಂದಲೇ, ಅಂಗಿ ಕಳಚಲು ಅಂಜುವ ಹುಡುಗನ ಸಂಕಟವು ಇಲ್ಲಿ ಬೇರೆಡೆಗಿಂತ ಹೆಚ್ಚಿನದು.

ಹಿರಿಯಡ್ಕದಲ್ಲಿ ಅಂಥ ಒಬ್ಬ ತರುಣನಿದ್ದಾನೆಂದು ಕಲ್ಪಿಸಿಕೊಳ್ಳೋಣ. ವಯಸ್ಸು 21. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನ ಮೊಲೆತೊಟ್ಟುಗಳ ಅಡಿಯಲ್ಲಿ ಗಂಟಿನಂಥ ಉಬ್ಬು ಕಾಣಿಸಿಕೊಂಡಿತು. ಅದು ಹೋಗಲೇ ಇಲ್ಲ. ಬೆನ್ನು ಬಾಗಿಸಿ ನಡೆಯುವುದು ಅವನಿಗೆ ರೂಢಿಯಾಯಿತು. ಮುಂದಿನ ಓದಿಗೆಂದು ಮೂರು ವರ್ಷ ಕೂಡಿಟ್ಟ ಹಣ ಈಗ ಅವನ ಕೈಯಲ್ಲಿದೆ. ಆ ಕೈಗಂಟನ್ನು ಬಿಚ್ಚಿ ಎದೆಯ ಗಂಟನ್ನು ತೆಗೆಸಿಕೊಳ್ಳಬಹುದೆ? ಇದು ಅವನ ಪ್ರಶ್ನೆ. ಇದನ್ನು ಹಾಸ್ಯಕ್ಕೆ ತಳ್ಳದೆ ವಿಜ್ಞಾನದ ಬೆಳಕಿನಲ್ಲಿ ವಿಚಾರಿಸೋಣ.

ಗಂಡಸಿನ ಎದೆ ಹೀಗೆ ಬೆಳೆಯುವುದನ್ನು ವೈದ್ಯರು ಗೈನಕೊಮಾಸ್ಟಿಯ ಎನ್ನುತ್ತಾರೆ. ಹೆಂಗಸು, ಮೊಲೆ ಎಂಬ ಅರ್ಥದ ಎರಡು ಗ್ರೀಕ್ ಪದಗಳು ಸೇರಿ ಆದ ಹೆಸರಿದು. ಹೆಸರು ಹಳೆಯದು, ಚಿಕಿತ್ಸೆಯೂ ಹಳೆಯದು. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜೈನಾದ ಪೌಲನು ಇದರ ಶಸ್ತ್ರಕ್ರಿಯೆಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ನಮ್ಮ ತರುಣನ ಲಜ್ಜೆಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆಯೆಂದ ಹಾಗಾಯಿತು.

ಇದಕ್ಕೆ ಕಾರಣವೇನು? ಮೊಲೆಯ ಗ್ರಂಥಿಯ ಬೀಜರೂಪವು ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಇರುತ್ತದೆ. ಅದನ್ನು ಬೆಳೆಸುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು. ಬೆಳೆಯದಂತೆ ತಡೆಯುವುದು ಟೆಸ್ಟೊಸ್ಟಿರೋನ್. ಮೊದಲನೆಯದು ಸ್ತ್ರೀಯದು, ಎರಡನೆಯದು ಪುರುಷನದು ಎಂದು ಸಾಮಾನ್ಯವಾಗಿ ಹೇಳುವುದುಂಟು. ವಾಸ್ತವವಾಗಿ ಎರಡೂ ಎಲ್ಲರ ರಕ್ತದಲ್ಲಿಯೂ ಇವೆ. ಪುರುಷನ ದೇಹದಲ್ಲಿ, ಅದರಲ್ಲಿಯೂ ಕೊಬ್ಬಿನಲ್ಲಿ, ಅರೊಮಟೇಸ್ ಎಂಬ ಕಿಣ್ವವು ಪುರುಷ ಹಾರ್ಮೋನುಗಳ ಒಂದಂಶವನ್ನು ಈಸ್ಟ್ರೊಜೆನ್ನಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಇವೆರಡರ ತಕ್ಕಡಿ ಈಸ್ಟ್ರೊಜೆನ್ನಿನ ಕಡೆಗೆ ವಾಲಿದಾಗ ಗ್ರಂಥಿ ಬೆಳೆಯುತ್ತದೆ.

ಬಾಳಿನಲ್ಲಿ ಮೂರು ಸಲ ಈ ತಕ್ಕಡಿ ತಾನಾಗಿಯೇ ವಾಲುವುದುಂಟು. ತಾಯಿಯ ಹಾರ್ಮೋನಿನಿಂದ ನವಜಾತ ಶಿಶುವಿನ ಎದೆ ಕೆಲವು ವಾರ ಉಬ್ಬಿರುತ್ತದೆ. ಪ್ರಾಯಕ್ಕೆ ಬರುವಾಗ, 13–14 ವರ್ಷದ ಸುಮಾರಿಗೆ, ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ತಲೆದೋರುತ್ತದೆ. ಮುಪ್ಪಿನಲ್ಲಿ ಟೆಸ್ಟೊಸ್ಟಿರೋನ್ ಇಳಿದಾಗ ಮತ್ತೊಮ್ಮೆ. ಶಾಲೆಯಲ್ಲಿ ಓದುವ ವಾಚಕರು ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ಪ್ರಾಯದ ಈ ಉಬ್ಬು ಬಹುಮಂದಿಯಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನೇ ಇಳಿದುಹೋಗುತ್ತದೆ. ಹದಿನೈದರ ಹುಡುಗನಿಗೆ ಕಾಲವೇ ಮೊದಲನೆಯ ವೈದ್ಯ. ಆ ವೈದ್ಯನಿಗೆ ಶುಲ್ಕ ಕೊಡಬೇಕಾಗಿಲ್ಲ.

ನಮ್ಮ ತರುಣನಿಗೆ ಏಳು ವರ್ಷ ಕಳೆದಿವೆ. ಹಳೆಯ ಗ್ರಂಥಿ ಕ್ರಮೇಣ ನಾರುಕಟ್ಟಿ ಗಟ್ಟಿಯಾಗುತ್ತದೆ. ಆಗ ಔಷಧಗಳಿಂದ ಪ್ರಯೋಜನ ಕಡಿಮೆ. ಹಾಗೆಂದು ನೇರವಾಗಿ ಶಸ್ತ್ರಕ್ಕೆ ಹೋಗುವುದೂ ತಪ್ಪು. ಮೊದಲು ತಿಳಿಯಬೇಕಾದುದು, ಉಬ್ಬಿರುವುದು ಗ್ರಂಥಿಯೋ ಬರಿಯ ಕೊಬ್ಬೋ ಎಂಬುದು. ವೈದ್ಯರು ಹೆಬ್ಬೆರಳನ್ನೂ ತೋರುಬೆರಳನ್ನೂ ಎರಡು ಕಡೆಯಿಂದ ತೊಟ್ಟಿನತ್ತ ತರುತ್ತಾರೆ. ಗ್ರಂಥಿಯಿದ್ದರೆ ರಬ್ಬರಿನ ಬಿಲ್ಲೆಯಂತೆ ಬೆರಳಿಗೆ ತಾಗುತ್ತದೆ. ಕೊಬ್ಬಾದರೆ ಯಾವ ತಡೆಯೂ ಇಲ್ಲ. ಕೊಬ್ಬಿಗೆ ಊಟದ ಮಿತಿಯೂ ವ್ಯಾಯಾಮವೂ ಮೊದಲ ಮದ್ದು.

ಗ್ರಂಥಿಯೆಂದು ತಿಳಿದ ಮೇಲೆ ಅದರ ಮೂಲವನ್ನು ಹುಡುಕಬೇಕು. ಯಕೃತ್ತಿನ, ಮೂತ್ರಪಿಂಡದ, ಥೈರಾಯ್ಡಿನ ರೋಗಗಳು, ವೃಷಣದ ಗಡ್ಡೆ, ಹುಟ್ಟಿನಿಂದ ಬಂದ ಕ್ಲೈನ್‌ಫೆಲ್ಟರ್ ಸ್ಥಿತಿ, ಸ್ಪೈರೊನೊಲ್ಯಾಕ್ಟೋನಿನಂಥ ಔಷಧಗಳು, ಮೈಕಟ್ಟಿಗೆಂದು ಕದ್ದು ತೆಗೆದುಕೊಳ್ಳುವ ಸ್ಟೀರಾಯ್ಡುಗಳು, ಇವೆಲ್ಲವೂ ತಕ್ಕಡಿಯನ್ನು ವಾಲಿಸಬಲ್ಲವು. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದ ಸೈನಿಕರಲ್ಲಿ, ಹಸಿವು ನೀಗಿ ಹೊಟ್ಟೆತುಂಬ ಉಣ್ಣತೊಡಗಿದ ಮೇಲೆ, ಎಷ್ಟೋ ಮಂದಿಗೆ ಎದೆ ಉಬ್ಬಿದುದನ್ನು ವೈದ್ಯರು ಕಂಡರು. ಎದೆಯ ಉಬ್ಬು ಅನೇಕ ವೇಳೆ ದೇಹದ ಬೇರೊಂದು ಮೂಲೆಯ ಸುದ್ದಿಯನ್ನು ಹೇಳುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ. ಮೂಲವನ್ನು ಹಾಗೆಯೇ ಬಿಟ್ಟು ಗಂಟನ್ನು ಕತ್ತರಿಸಿದರೆ ಅದು ಮರಳಿ ಬೆಳೆಯಬಹುದು. ಹಣವೂ ಹೋಯಿತು, ರೋಗವೂ ಉಳಿಯಿತು. ಗಂಟು ಒಂದೇ ಕಡೆ ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟಿನಿಂದ ರಕ್ತ ಒಸರಿದರೆ, ಚರ್ಮ ಒಳಕ್ಕೆ ಸೆಳೆದಿದ್ದರೆ ಒಂದು ದಿನವೂ ತಡಮಾಡಬಾರದು. ಗಂಡಸಿನ ಎದೆಗೂ, ಅಪರೂಪವಾಗಿಯಾದರೂ, ಕ್ಯಾನ್ಸರು ಬರುವುದುಂಟು.

ಸೋಜಿಗವೆಂದರೆ, ಇಂಥ ತರುಣರು ಶಸ್ತ್ರಕ್ರಿಯೆಗೆ ಹಣ ಕೂಡಿಸುತ್ತಾರೆಯೇ ಹೊರತು ವೈದ್ಯರಿಗೆ ಎದೆ ತೋರಿಸುವುದಿಲ್ಲ. 1953ರಲ್ಲಿಯೇ ವೈದ್ಯಕೀಯ ಕಾಲೇಜು ಹುಟ್ಟಿದ ಮಣಿಪಾಲವು ಹಿರಿಯಡ್ಕಕ್ಕೆ ನೆರೆಯ ಊರು. ದೂರವಿರುವುದು ವೈದ್ಯರಲ್ಲ, ನಾಚಿಕೆಯೇ ದೂರ ಮಾಡಿದೆ.

ಇನ್ನು ಶಸ್ತ್ರಕ್ರಿಯೆ. ಅಮೆರಿಕದ ಜೆರೋಮ್ ವೆಬ್‌ಸ್ಟರ್ 1946ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ತೊಟ್ಟಿನ ಸುತ್ತಣ ಕಪ್ಪುವೃತ್ತದಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದು ಗ್ರಂಥಿಯನ್ನು ತೆಗೆಯುತ್ತಾರೆ. ಗಾಯದ ಗೆರೆ ಬಣ್ಣದಲ್ಲಿ ಮರೆಯಾಗುತ್ತದೆ. 1970ರ ದಶಕದಿಂದೀಚೆಗೆ ಬಳಕೆಗೆ ಬಂದ, ಕೊಬ್ಬನ್ನು ಕೊಳವೆಯಿಂದ ಹೀರುವ ವಿಧಾನವನ್ನೂ ಇದರೊಡನೆ ಸೇರಿಸುವುದುಂಟು. ಬಳಿಕ ಕೆಲವು ವಾರ ಬಿಗಿಯಾದ ಒಳಂಗಿ ತೊಡಬೇಕು, ಭಾರ ಎತ್ತಬಾರದು. ಹೆಚ್ಚಿನವರಿಗೆ ತೃಪ್ತಿಯಾಗುತ್ತದೆ. ಆದರೆ ಒಳಗೆ ರಕ್ತ ಕಟ್ಟುವುದು, ತೊಟ್ಟು ಜೋಮು ಹಿಡಿಯುವುದು, ಹೆಚ್ಚು ತೆಗೆದರೆ ಎದೆ ತಟ್ಟೆಯಂತೆ ಕುಳಿಬೀಳುವುದು, ಎರಡು ಕಡೆಯೂ ಸಮವಾಗದಿರುವುದು, ಇವೂ ಉಂಟು. ಕೆಲವರಿಗೆ ಎರಡನೆಯ ಸಲವೂ ಶಸ್ತ್ರ ಬೇಕಾಗುತ್ತದೆ.

ಇದರಿಂದ ಹಣದ ಲೆಕ್ಕ ಸ್ಪಷ್ಟವಾಗುತ್ತದೆ. ವೈದ್ಯರ ಶುಲ್ಕವೊಂದೇ ಖರ್ಚಲ್ಲ. ಅರಿವಳಿಕೆ, ಹಾಸಿಗೆ, ಪರೀಕ್ಷೆ, ಒಳಂಗಿ, ಕೆಲಸ ತಪ್ಪಿದ ದಿನಗಳ ಸಂಬಳ, ಅಕಸ್ಮಾತ್ ಎರಡನೆಯ ಶಸ್ತ್ರಕ್ರಿಯೆ, ಎಲ್ಲವನ್ನೂ ಬರೆದಿಡಬೇಕು. ಕೇವಲ ಅಂದಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಲೆಕ್ಕ ಬರೆಯುವ ನಮ್ಮ ತರುಣನಿಗೆ ಇದು ಕಷ್ಟದ ಕೆಲಸವೇನಲ್ಲ.

ಹಾಗಾದರೆ ಏನು ಮಾಡಬೇಕು? ಪರೀಕ್ಷೆಯಲ್ಲಿ ಬೇರೆ ರೋಗವಿಲ್ಲವೆಂದು ತಿಳಿದ ಮೇಲೆ ಈ ಶಸ್ತ್ರಕ್ರಿಯೆಗೆ ಅವಸರವೇ ಇಲ್ಲ. ಕಾದರೆ ಜೀವಕ್ಕೆ ಅಪಾಯವಿಲ್ಲ. ಓದಿನ ಶುಲ್ಕವಾದರೋ ಕಾಯುವುದಿಲ್ಲ. ಆದುದರಿಂದ ಓದನ್ನು ಕೆಡಿಸಿ, ಸಾಲಮಾಡಿ ಕತ್ತಿಗೆ ಮೈಯೊಡ್ಡುವುದು ಜಾಣತನವಲ್ಲವೆಂದು ನಮಗೆ ತೋರುತ್ತದೆ. ಆದರೆ ಓದಿಗೆ ಬೇಕಾದುದನ್ನು ಬೇರೆ ತೆಗೆದಿಟ್ಟ ಬಳಿಕವೂ ಹಣ ಉಳಿದಿದ್ದರೆ, ಗ್ರಂಥಿ ಹಳೆಯದಾಗಿದ್ದರೆ, ಅದರ ನೋವು ದಿನದಿನವೂ ಬಾಳನ್ನು ಕುಗ್ಗಿಸುತ್ತಿದ್ದರೆ, ಆ ಖರ್ಚನ್ನು ಶೋಕಿಯೆಂದು ಹೀಯಾಳಿಸುವ ಅಧಿಕಾರ ಯಾರಿಗೂ ಇಲ್ಲ. ಹಲ್ಲು ಸರಿಮಾಡಿಸಿಕೊಂಡವರನ್ನು ನಾವು ನಗುವುದುಂಟೆ?

ನಿರ್ಣಯ ಅವನದು. ನಾವು ಹೇಳುವುದು ಅನುಕ್ರಮವನ್ನು ಮಾತ್ರ: ಮೊದಲು ಕಾಲ, ಆಮೇಲೆ ಪರೀಕ್ಷೆ, ಆಮೇಲೆ ಲೆಕ್ಕ, ಎಲ್ಲಕ್ಕೂ ಕೊನೆಗೆ ಕತ್ತಿ. ಆ ಕತ್ತಿ ಗಂಟನ್ನು ತೆಗೆಯಬಲ್ಲುದು; ಏಳು ವರ್ಷ ಬಾಗಿ ರೂಢಿಯಾದ ಬೆನ್ನನ್ನು ನೆಟ್ಟಗೆ ಮಾಡುವ ಕೆಲಸವು ಅವನಿಗೇ ಉಳಿದಿರುತ್ತದೆ. ಅದನ್ನು ಇಂದೇ ಆರಂಭಿಸಬಹುದು, ಅದಕ್ಕೆ ಖರ್ಚಿಲ್ಲ.