ಅಂಕಿಯಿಂದ ನಾದಕ್ಕೆ: ಮನೆಯ ಸ್ಟೀರಿಯೋಗೆ ಪ್ರತ್ಯೇಕ ಡಿ.ಎ.ಸಿ. ಬೇಕೇ?



ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆಯನ್ನು ನೀವೆಲ್ಲರೂ ಕೇಳಿರಬಹುದು. ಆ ಹಾಡು ಸಿ.ಡಿ.ಯಲ್ಲಿ ಅಥವಾ ಕಂಪ್ಯೂಟರಿನಲ್ಲಿ ಇರುವುದು ಅಂಕಿಗಳ ರೂಪದಲ್ಲಿ. ಈ ಅಂಕಿಗಳನ್ನು ಮತ್ತೆ ವಿದ್ಯುತ್ ತರಂಗವನ್ನಾಗಿ ಮಾಡಿ ಆಂಪ್ಲಿಫೈಯರ್‌ಗೆ ಕೊಡುವ ಸಾಧನವೇ ‘ಡಿಜಿಟಲ್ ಟು ಅನಲಾಗ್ ಕನ್ವರ್ಟರ್’, ಅಂದರೆ ಡಿ.ಎ.ಸಿ. ಬಹುತೇಕ ಎಲ್ಲ ಸಿ.ಡಿ. ಪ್ಲೇಯರುಗಳಲ್ಲೂ ಕಂಪ್ಯೂಟರುಗಳಲ್ಲೂ ಅದು ಈಗಾಗಲೇ ಇದೆ. ಹಾಗಿದ್ದರೆ ಹಣ ಕೊಟ್ಟು ಇನ್ನೊಂದನ್ನು ಏಕೆ ತರಬೇಕು?

ಮೊದಲು ಅದರ ಕೆಲಸವನ್ನು ತಿಳಿಯೋಣ. ಕುಣಿಗಲ್ ಕೆರೆಯಲ್ಲಿ ಅಳತೆಯ ಕಂಬವೊಂದನ್ನು ನೆಟ್ಟಿದೆ ಎನ್ನಿ. ನಿಮ್ಮ ಗೆಳೆಯ ಗಂಟೆಗೊಮ್ಮೆ ನೀರಿನ ಮಟ್ಟವನ್ನು ಓದಿ, ತುಮಕೂರಿನಲ್ಲಿರುವ ನಿಮಗೆ ಫೋನಿನಲ್ಲಿ ಹೇಳುತ್ತಾನೆ. ನೀವು ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳನ್ನಿಟ್ಟು, ಅವುಗಳ ಮೂಲಕ ನುಣುಪಾದ ರೇಖೆಯೊಂದನ್ನು ಎಳೆಯುತ್ತೀರಿ. ಕೆರೆಯನ್ನು ನೋಡದೆಯೇ ಅದರ ಏರಿಳಿತ ನಿಮ್ಮ ಹಾಳೆಯ ಮೇಲೆ ಮೂಡುತ್ತದೆ. ಇಲ್ಲಿ ನೀವು ಮಾಡಿದ್ದೇ ಡಿ.ಎ.ಸಿ.ಯ ಕೆಲಸ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಇಂಥ ಅಳತೆ ಸೆಕೆಂಡಿಗೆ 44,100 ಬಾರಿ ನಡೆಯುತ್ತದೆ. ಎಡ ಮತ್ತು ಬಲ ಸ್ಪೀಕರುಗಳಿಗೆ ಬೇರೆ ಬೇರೆ ಅಳತೆ. ಪ್ರತಿ ಅಳತೆಗೆ 16 ಬಿಟ್. ಎಂದರೆ ನಮ್ಮ ಕಂಬದ ಮೇಲೆ 65,536 ಗೆರೆಗಳು. ಮನುಷ್ಯನ ಕಿವಿಗೆ ಕೇಳಿಸುವ ಅತಿ ಹೆಚ್ಚಿನ ಕಂಪನಾಂಕ ಸುಮಾರು 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ತರಂಗವನ್ನು ಮರಳಿ ಪಡೆಯಬಹುದೆಂದು ಗಣಿತ ಹೇಳುತ್ತದೆ. ಕ್ಲಾಡ್ ಶಾನನ್ 1949ರ ಲೇಖನದಲ್ಲಿ ಇದನ್ನು ನಿರೂಪಿಸಿದರು. ಆದ್ದರಿಂದ ಡಿಜಿಟಲ್ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತದೆ ಎಂಬ ಮಾತು ಸರಿಯಲ್ಲ. ಚುಕ್ಕಿಗಳ ನಡುವಿನ ನುಣುಪನ್ನು ಫಿಲ್ಟರ್ ಕೂಡಿಸುತ್ತದೆ.

ತೊಂದರೆ ಬರುವುದು ಬೇರೆ ಕಡೆ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಫ್ಯಾನು, ಡಿಸ್ಕು, ಪವರ್ ಸಪ್ಲೈ ಎಲ್ಲವೂ ವಿದ್ಯುತ್ ಗದ್ದಲ ಎಬ್ಬಿಸುತ್ತವೆ. ಅದು ಸೂಕ್ಷ್ಮವಾದ ಅನಲಾಗ್ ಸಂಕೇತದೊಂದಿಗೆ ಬೆರೆತರೆ ಸ್ಪೀಕರಿನಲ್ಲಿ ‘ಗುಂಯ್’ ಅಥವಾ ‘ಸುಂಯ್’ ಎಂಬ ಸದ್ದು ಬರುತ್ತದೆ. ಡಿ.ಎ.ಸಿ. ಹೊರಗಿನ ಪೆಟ್ಟಿಗೆಯಲ್ಲಿದ್ದರೆ ಈ ಸದ್ದು ಸಾಮಾನ್ಯವಾಗಿ ಕಡಮೆಯಾಗುತ್ತದೆ. ಹಳೆಯ ಪ್ಲೇಯರಿನ ಕನ್ವರ್ಟರ್ ಕೆಟ್ಟಿದ್ದರೂ ಇದು ಉಪಯುಕ್ತ. ಆದರೆ ಆ ಪ್ಲೇಯರಿಗೆ ಡಿಜಿಟಲ್ ಔಟ್‌ಪುಟ್ ಇರಬೇಕು.

ಕ್ಯಾಸೆಟ್ಟು ಮತ್ತು ಗ್ರಾಮಾಫೋನ್ ತಟ್ಟೆಗಳ ಧ್ವನಿ ಮೊದಲೇ ಅನಲಾಗ್ ಆದ್ದರಿಂದ ಅವಕ್ಕೆ ಡಿ.ಎ.ಸಿ.ಯ ಅಗತ್ಯವೇ ಇಲ್ಲ. ಗುಬ್ಬಿ ವೀರಣ್ಣನವರ ಊರಿನ ಮನೆಗಳಲ್ಲಿ ಹಳೆಯ ರಂಗಗೀತೆಗಳನ್ನು ಈಗ ಕಂಪ್ಯೂಟರಿನಲ್ಲಿ ಕೇಳುವವರು ಇರಬಹುದು. ಮೂಲ ಮುದ್ರಣದಲ್ಲಿರುವ ಕರಕರ ಸದ್ದನ್ನು ಯಾವ ಡಿ.ಎ.ಸಿ.ಯೂ ತೆಗೆಯಲಾರದು, ಅದನ್ನೂ ನಿಷ್ಠೆಯಿಂದ ಕೇಳಿಸುತ್ತದೆ. ಎಂ.ಪಿ.3 ಮಾಡುವಾಗ ಕಳೆದುಹೋದ ವಿವರವೂ ಮರಳಿ ಬಾರದು.

ಅಂಗಡಿಯವರ ಮಾತನ್ನು ನಂಬುವ ಮೊದಲು, ಸಾಧ್ಯವಾದರೆ ಎರವಲು ತಂದು ಪರೀಕ್ಷಿಸಿ. ಹಳೆಯದು ಮತ್ತು ಹೊಸದು ಎರಡರ ಧ್ವನಿಯ ಪ್ರಮಾಣವೂ ಒಂದೇ ಇರಲಿ. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್ ತಂತಿಯ ಎ.ಸಿ. ವೋಲ್ಟೇಜನ್ನು ಅಳೆದು ಸರಿಹೊಂದಿಸಿ. ನಿಮ್ಮ ತಂಗಿಯೋ ತಮ್ಮನೋ ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದನ್ನು ಜೋಡಿಸಲಿ. ನೀವು ನೋಡದೆ ಯಾವುದೆಂದು ಹೇಳಿ. ಹೀಗೆ 10 ಬಾರಿ ಮಾಡಿ. 5 ಅಥವಾ 6 ಸರಿಯಾದರೆ ಅದು ಬರಿಯ ಊಹೆಯೂ ಆಗಿರಬಹುದು. 9 ಅಥವಾ ಹೆಚ್ಚು ಸರಿಯಾಗುವ ಸಂಭವ ಊಹೆಯಿಂದ 1024ರಲ್ಲಿ 11 ಮಾತ್ರ. ಆಗ ನಿಮ್ಮ ಕಿವಿ ವ್ಯತ್ಯಾಸವನ್ನು ಗುರುತಿಸಿದೆ ಎನ್ನಬಹುದು.

ವ್ಯತ್ಯಾಸ ತಿಳಿಯದಿದ್ದರೆ ನಾಚಿಕೆಪಡಬೇಕಿಲ್ಲ. ತಂದೆತಾಯಿಯರು ದುಡಿದು ಕೂಡಿಟ್ಟ ಹಣ ಉಳಿಯಿತು. ಸ್ಪೀಕರುಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಸರಿಸಿ, ಕಿವಿಯ ಎತ್ತರಕ್ಕೆ ಇಟ್ಟು ಅದೇ ಹಾಡನ್ನು ಮತ್ತೊಮ್ಮೆ ಕೇಳಿ. ಖರ್ಚಿಲ್ಲದ ಈ ಬದಲಾವಣೆ ಎಷ್ಟೋ ಮನೆಗಳಲ್ಲಿ ಹೊಸ ಯಂತ್ರಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ತರುತ್ತದೆ.