ಹವ್ಯಾಸಿಯ ಹುದುಗುಪಾತ್ರೆ ಮತ್ತು ಬೊಕ್ಕಸದ ಲೆಕ್ಕ

ತೆರಿಗೆ ವಿನಾಯಿತಿಯೊಂದನ್ನು ಸರ್ಕಾರದ ಬೊಕ್ಕಸಕ್ಕಾದ ನಷ್ಟವೆಂದು ಪರಿಗಣಿಸಬೇಕೇ ಅಥವಾ ಹೂಡಿಕೆಯೆಂದೇ ಎಂಬ ಪ್ರಶ್ನೆ ವಾಣಿಜ್ಯ ವಲಯದಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಅಮೆರಿಕದ ಮನೆಗಳಲ್ಲಿ ಹವ್ಯಾಸಕ್ಕಾಗಿ ತಯಾರಾಗುವ ಬಿಯರ್ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿನ ಅನುಭವಿ ಹವ್ಯಾಸಿಗಳು ಯಾವ ಬಗೆಯ ಬಿಯರನ್ನು ಮೆಚ್ಚುತ್ತಾರೆ, ಏಕೆ ಮೆಚ್ಚುತ್ತಾರೆ ಎಂಬುದನ್ನು ಪರಿಶೀಲಿಸಿದರೆ ಒಂದು ಉದ್ಯಮ ಬೆಳೆದುಬಂದ ದಾರಿ ಸ್ಪಷ್ಟವಾಗುತ್ತದೆ.

ವಿನಾಯಿತಿಯ ಸ್ವರೂಪ

1933ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ರದ್ದಾದಾಗ ಮನೆಯಲ್ಲಿ ವೈನ್ ತಯಾರಿಸುವವರಿಗೆ ದೊರೆತ ಸೌಲಭ್ಯ ಬಿಯರ್ ತಯಾರಿಸುವವರಿಗೆ ದೊರೆಯಲಿಲ್ಲ. ಈ ಲೋಪವನ್ನು ಸರಿಪಡಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದರು. ಅದರಂತೆ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ಸುಂಕವಿಲ್ಲದೆ ತಯಾರಿಸಬಹುದು, ಆದರೆ ಮಾರುವಂತಿಲ್ಲ. ರಾಜ್ಯಗಳ ಕಾನೂನುಗಳು ಪ್ರತ್ಯೇಕವಾಗಿದ್ದು, ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು 2013ರಲ್ಲಷ್ಟೇ ಇದಕ್ಕೆ ಒಪ್ಪಿಗೆ ನೀಡಿದವು.

ಬೊಕ್ಕಸ ಬಿಟ್ಟುಕೊಟ್ಟ ಮೊತ್ತವೆಷ್ಟು? ಒಂದು ಬ್ಯಾರಲ್ ಎಂದರೆ 31 ಗ್ಯಾಲನ್. 200 ಗ್ಯಾಲನ್ ಸುಮಾರು 6.45 ಬ್ಯಾರಲ್ ಆಗುತ್ತದೆ. ಸಣ್ಣ ತಯಾರಕರಿಗೆ ಅಂದು ಅನ್ವಯಿಸುತ್ತಿದ್ದ ಬ್ಯಾರಲ್‌ಗೆ 7 ಡಾಲರ್ ದರದಲ್ಲಿ ಒಂದು ಮನೆಗೆ ವರ್ಷಕ್ಕೆ ಗರಿಷ್ಠ 45 ಡಾಲರ್ ಮಾತ್ರ.

ಆಯ್ಕೆಯ ಹಿಂದಿನ ವೆಚ್ಚ

ಬಿಯರ್‌ಗಳನ್ನು ಸ್ಥೂಲವಾಗಿ ಏಲ್ ಮತ್ತು ಲಾಗರ್ ಎಂದು ವಿಂಗಡಿಸಬಹುದು. ಏಲ್ ತಯಾರಿಕೆಯ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಂದರೆ ಕೋಣೆಯ ಹವೆಯಲ್ಲೇ, ಕೆಲಸ ಮಾಡುತ್ತದೆ. ಲಾಗರ್‌ಗೆ 8ರಿಂದ 13 ಡಿಗ್ರಿಯ ತಂಪು ಬೇಕು. ಅನಂತರವೂ ಹಲವು ವಾರ ಶೀತದಲ್ಲಿರಿಸಿ ಮಾಗಿಸಬೇಕು. ಹುದುಗುಪಾತ್ರೆಯೊಂದು ಏಲ್‌ಗೆ ಮೂರು ವಾರ ಬೇಕೆಂದು ಎಣಿಸಿದರೆ ವರ್ಷಕ್ಕೆ 17 ಬಾರಿ ಬಳಕೆಗೆ ದೊರೆಯುತ್ತದೆ; ಲಾಗರ್‌ಗೆ ಒಂಬತ್ತು ವಾರವೆಂದರೆ ಐದು ಬಾರಿ ಮಾತ್ರ. ದುಡಿಯುವ ಬಂಡವಾಳದ ಆವರ್ತನೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಹವ್ಯಾಸಿಗಳಲ್ಲಿ ಏಲ್ ಬಗೆಗಳು ಮೊದಲಿನಿಂದಲೂ ಮುಂಚೂಣಿಯಲ್ಲಿರಲು ರುಚಿಯಷ್ಟೇ ಈ ಲೆಕ್ಕವೂ ಕಾರಣ.

ಅವುಗಳಲ್ಲಿ ಪ್ರಮುಖವಾದುವು ಪೇಲ್ ಏಲ್ ಮತ್ತು ಇಂಡಿಯಾ ಪೇಲ್ ಏಲ್. ಎರಡನೆಯದರ ಹೆಸರಿಗೆ ನಮ್ಮ ದೇಶವೇ ಕಾರಣ. ಬ್ರಿಟನ್ನಿನಿಂದ ಹಡಗಿನಲ್ಲಿ ಭಾರತಕ್ಕೆ ರಫ್ತಾಗುತ್ತಿದ್ದ, ಹಾಪ್ಸ್ ಹೆಚ್ಚಾಗಿ ಬೆರೆಸಿದ ಬಿಯರ್ ಅದು. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯ ಕಿತ್ತಳೆಜಾತಿಯ ಹಣ್ಣಿನ ಪರಿಮಳ ಈ ಎರಡಕ್ಕೂ ಅಮೆರಿಕದ ಸೊಗಡನ್ನು ತಂದಿತು. ಹುರಿದ ಮಾಲ್ಟ್‌ನ ಕಪ್ಪು ಬಿಯರ್‌ಗಳಾದ ಪೋರ್ಟರ್ ಮತ್ತು ಸ್ಟೌಟ್ ಗಡಸು ನೀರಿನ ಊರಿನವರಿಗೆ ಒಗ್ಗುತ್ತವೆ. ಅಂಥ ನೀರಿನ ಲಂಡನ್ ಮತ್ತು ಡಬ್ಲಿನ್‌ಗಳಲ್ಲೇ ಅವು ಹೆಸರು ಮಾಡಿದವು. ಬೆಲ್ಜಿಯಂನ ಸೇಸನ್ ಬಗೆಯ ಕೆಲವು ಯೀಸ್ಟ್‌ಗಳು 30 ಡಿಗ್ರಿ ಸೆಕೆಯನ್ನೂ ತಾಳುವುದರಿಂದ ಬೇಸಿಗೆಯಲ್ಲಿ ವಿದ್ಯುತ್ ವೆಚ್ಚ ಉಳಿಯುತ್ತದೆ.

ಕುತೂಹಲಕರ ಸಂಗತಿಯೆಂದರೆ, ಹಲವು ವರ್ಷ ಪಳಗಿದವರಲ್ಲಿ ಅನೇಕರು ಕೊನೆಗೆ ಒಲಿಯುವುದು ಅತ್ಯಂತ ಸರಳವಾದ ಬಗೆಗಳಿಗೆ: ಇಂಗ್ಲೆಂಡಿನ ಹಗುರ ಬಿಟರ್ ಮತ್ತು 1842ರಲ್ಲಿ ಪಿಲ್ಸೆನ್ ನಗರದಲ್ಲಿ ಹುಟ್ಟಿದ ಪಿಲ್ಸ್ನರ್. ಹಾಪ್ಸ್‌ನ ಕಹಿಯಾಗಲಿ ಹುರಿದ ಧಾನ್ಯದ ಗಾಢತೆಯಾಗಲಿ ಸಣ್ಣಪುಟ್ಟ ದೋಷಗಳನ್ನು ಮುಚ್ಚಬಲ್ಲದು. ತಿಳಿಹಳದಿಯ ಪಿಲ್ಸ್ನರ್ ಏನನ್ನೂ ಮುಚ್ಚುವುದಿಲ್ಲ. ಟಿಪ್ಪಣಿಗಳ ಮರೆಯಿಲ್ಲದ ಆಸ್ತಿ-ಹೊಣೆ ಪಟ್ಟಿಯಂತೆ ಅದು ತಯಾರಕನ ಶಿಸ್ತನ್ನು ನೇರವಾಗಿ ತೋರಿಸುತ್ತದೆ.

ಮನೆಯಿಂದ ಮಾರುಕಟ್ಟೆಗೆ

1970ರ ದಶಕದ ಅಂತ್ಯದಲ್ಲಿ ಅಮೆರಿಕದಲ್ಲಿದ್ದ ಬಿಯರ್ ಕಾರ್ಖಾನೆಗಳ ಸಂಖ್ಯೆ ನೂರಕ್ಕೂ ಕಡಿಮೆ. ಅವುಗಳಲ್ಲಿ ಬಹುಪಾಲು ತಯಾರಿಸುತ್ತಿದ್ದುದು ಒಂದೇ ಬಗೆಯ ಹಗುರ ಲಾಗರ್. ಬೇರೆ ರುಚಿ ಬಯಸಿದವರು ಅದನ್ನು ತಾವೇ ತಯಾರಿಸಿಕೊಳ್ಳಬೇಕಾಗಿತ್ತು. ಚಿಕೊ ಪಟ್ಟಣದಲ್ಲಿ ಹವ್ಯಾಸಿಗಳಿಗೆ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಸಂಸ್ಥೆಯ ಮೊದಲ ಬಿಯರ್ ತಯಾರಿಸಿದರು. ಕ್ಯಾಸ್ಕೇಡ್ ಬಳಸಿದ ಅದರ ಪೇಲ್ ಏಲ್ ಮುಂದೆ ಆ ಬಗೆಗೇ ಮಾದರಿಯಾಯಿತು. 2020ರ ದಶಕದ ಆರಂಭಕ್ಕೆ ಆ ದೇಶದ ಬಿಯರ್ ಘಟಕಗಳ ಸಂಖ್ಯೆ 9,000 ದಾಟಿತು. ಸುಂಕವಿಲ್ಲದ ಪಾತ್ರೆಯಲ್ಲಿ ಕಲಿತವರಲ್ಲಿ ಅನೇಕರು ಹೀಗೆ ಸುಂಕ ತೆರುವ ಉದ್ಯಮಿಗಳಾದರು.

ಆದರೆ ರುಚಿಯೊಂದೇ ಉದ್ಯಮವನ್ನು ನಡೆಸಲಾರದು. ಜ್ಯಾಕ್ ಮೆಕಾಲಿಫ್ ಎಂಬ ಹವ್ಯಾಸಿ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ನ್ಯೂ ಆಲ್ಬಿಯನ್ ಘಟಕ ಇಂದಿಗೂ ಈ ಚಳವಳಿಯ ಮೂಲವೆಂದು ಗೌರವ ಪಡೆದಿದೆ. ಅದರ ಬಿಯರ್‌ಗೆ ಮೆಚ್ಚುಗೆಯ ಕೊರತೆಯಿರಲಿಲ್ಲ. ವಿಸ್ತರಣೆಗೆ ಬೇಕಾದ ಬಂಡವಾಳ ದೊರೆಯದೆ 1982ರಲ್ಲಿ ಅದು ಮುಚ್ಚಿತು. ಹವ್ಯಾಸದ ಲೆಕ್ಕದಲ್ಲಿ ಸ್ವಂತ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಉದ್ಯಮವಾದೊಡನೆ ಕೂಲಿ, ಸವಕಳಿ, ಬಡ್ಡಿ, ಸುಂಕ ಇವೆಲ್ಲವೂ ಪ್ರತಿಯೊಂದು ಸೀಸೆಯ ಬೆಲೆಯೊಳಗೆ ಬಂದು ಕೂರುತ್ತವೆ.

ನಮ್ಮ ಗಮನಕ್ಕೆ

ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಭಿನ್ನ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿ ಯಾರೂ ಇದನ್ನು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ. 2010ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೊಬ್ರೂವರಿಗಳು ಪರವಾನಗಿಯ ಚೌಕಟ್ಟಿನಲ್ಲೇ ಬೆಳೆದವು. ಮದ್ಯದ ವಿಷಯದಲ್ಲಿ ಸರ್ಕಾರ ಎಚ್ಚರಿಕೆ ವಹಿಸುವುದು ಸಹಜವೂ ಹೌದು.

ಆದರೆ ಅಮೆರಿಕದ ಈ ನಿದರ್ಶನದ ತಿರುಳು ಮದ್ಯಕ್ಕೆ ಸೀಮಿತವಲ್ಲ. ಮಾರಾಟವಿಲ್ಲದ, ಮಿತಿಯೊಳಗಿನ ಪ್ರಯೋಗಕ್ಕೆ ಕಾನೂನು ಜಾಗ ಬಿಟ್ಟರೆ ದೊಡ್ಡ ಕಾರ್ಖಾನೆಗಳು ಲಾಭವಿಲ್ಲವೆಂದು ಕೈಬಿಟ್ಟ ಬಗೆಗಳು ಉಳಿಯುತ್ತವೆ, ನುರಿತ ಕೈಗಳು ತಯಾರಾಗುತ್ತವೆ. ಆಹಾರ ಸಂಸ್ಕರಣೆ, ಸುಗಂಧದ್ರವ್ಯ, ಔಷಧೀಯ ಸಸ್ಯಗಳಂಥ ಕ್ಷೇತ್ರಗಳ ಕಿರು ತಯಾರಕರಿಗೆ ವಿನಾಯಿತಿ ಮಿತಿಗಳನ್ನು ಕೋರಿ ಮನವಿ ಸಲ್ಲಿಸುವಾಗ, ಮನೆಯೊಂದಕ್ಕೆ 45 ಡಾಲರ್ ಬಿಟ್ಟುಕೊಟ್ಟ ಬೊಕ್ಕಸಕ್ಕೆ ಮರಳಿ ಬಂದ ಆದಾಯದ ಈ ಲೆಕ್ಕವನ್ನು ನಮ್ಮ ಸದಸ್ಯರು ಅಧಿಕಾರಿಗಳ ಮುಂದಿಡಬಹುದು.